ಅವಿಭಾಜ್ಯ: ಒಂದು ಯಕಾರದ ತೂಕ

ಕನ್ನಡ ಪತ್ರಿಕೆ ಓದುವವರಿಗೆ ಮೂರು ಮಾತುಗಳು ಚಿರಪರಿಚಿತ: ‘ಅವಿಭಕ್ತ ಕುಟುಂಬ’, ‘ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ’, ‘ದೇಶದ ಅವಿಭಾಜ್ಯ ಅಂಗ’. ಮೂರರ ಬೇರೂ ಒಂದೇ. ಮೂರಕ್ಕೂ ‘ಪಾಲಾಗದ್ದು’ ಎಂದು ಒಟ್ಟಾರೆ ಅರ್ಥ ಹೇಳಿ ಮುಂದೆ ಹೋಗಬಹುದು. ಆದರೆ ಶಾಲೆಯ ಗಣಿತ ಪುಸ್ತಕ 2, 3, 5, 7, 11, 13 ಎಂಬ ಸಾಲಿಗೆ ಹೆಸರಿಡುವಾಗ ಈ ಮೂರರಲ್ಲಿ ಒಂದನ್ನೇ ಆರಿಸಿಕೊಂಡಿತು. ಅವು ಅವಿಭಕ್ತ ಸಂಖ್ಯೆಗಳಲ್ಲ, ಅವಿಭಜಿತ ಸಂಖ್ಯೆಗಳೂ ಅಲ್ಲ, ಅವಿಭಾಜ್ಯ ಸಂಖ್ಯೆಗಳು. ಆ ಪದದ ತುದಿಯಲ್ಲಿರುವ ಯಕಾರ ಎಷ್ಟು ಭಾರದ್ದೆಂಬುದು 7, 11ರಂಥ ಚಿಕ್ಕ ಸಂಖ್ಯೆಗಳಲ್ಲಿ ಗೊತ್ತಾಗುವುದಿಲ್ಲ. ಕೋಟಿಗಟ್ಟಲೆ ಅಂಕಿಗಳಿರುವ ಸಂಖ್ಯೆಯ ಮುಂದೆ ನಿಂತಾಗ ಗೊತ್ತಾಗುತ್ತದೆ.

ಮೊದಲು ಬೇರಿನ ಕಡೆ ನೋಡೋಣ. ಸಂಸ್ಕೃತದ ‘ಭಜ್’ ಧಾತುವಿಗೆ ಹಂಚು, ಪಾಲು ಕೊಡು, ಪಾಲು ಪಡೆ ಎಂಬ ಅರ್ಥಗಳಿವೆ. ಅದರಿಂದ ಹುಟ್ಟಿದ ಮಾತುಗಳು ಕನ್ನಡದ ಮನೆಯ ತುಂಬ ಹರಡಿವೆ. ‘ಭಾಗ’ ಎಂದರೆ ಪಾಲು. ‘ಭಾಗ್ಯ’ ಎಂದರೆ ನಮ್ಮ ಪಾಲಿಗೆ ಬಂದದ್ದು. ‘ಭಗ’ ಎಂದರೆ ಸಿರಿ, ಸೌಭಾಗ್ಯ, ಅದನ್ನುಳ್ಳವನು ‘ಭಗವಂತ’. ಅವನಲ್ಲಿ ಪಾಲುಗೊಂಡವನು ‘ಭಕ್ತ’, ಅವನು ಮಾಡುವುದು ‘ಭಜನೆ’. ನಾಮಪದದ ಕಾರ್ಯಗಳನ್ನು ಬೇರೆಬೇರೆ ಮಾಡಿ ತೋರಿಸುವ ಪ್ರತ್ಯಯಕ್ಕೆ ವ್ಯಾಕರಣಕಾರರು ಇಟ್ಟ ಹೆಸರು ‘ವಿಭಕ್ತಿ’. ಬಡಿಸಿದ ಪಾಲು ಎಂಬ ಅರ್ಥದಲ್ಲಿ ಸಂಸ್ಕೃತದ ‘ಭಕ್ತ’ಕ್ಕೆ ಅನ್ನವೆಂಬ ಅರ್ಥವೂ ಇತ್ತು. ಅದು ಪ್ರಾಕೃತದಲ್ಲಿ ‘ಭತ್ತ’ವಾಗಿ, ಮರಾಠಿಯಲ್ಲಿ ‘ಭಾತ’ವಾಗಿ, ನಮ್ಮ ಹೋಟೆಲುಗಳಲ್ಲಿ ವಾಂಗೀಬಾತ್, ಬಿಸಿಬೇಳೆ ಬಾತ್ ಆಗಿ ತಟ್ಟೆಗೆ ಬಂತು. ದೇವರ ಕೋಣೆ, ಅಡುಗೆಮನೆ, ವ್ಯಾಕರಣ, ಗಣಿತ ಎಲ್ಲಕ್ಕೂ ಹೊಂದಿಕೊಂಡ ಧಾತು ಇದು. ಎಲ್ಲೆಡೆಯೂ ಅದರ ಕೇಂದ್ರದಲ್ಲಿರುವ ಕೆಲಸ ಹಂಚಿಕೆ.

ಹಂಚಿಕೆ ಎಂದ ಕೂಡಲೇ ಜಗಳವೂ ಬರುತ್ತದೆ, ಜಗಳ ಬಂದಲ್ಲಿ ಕಾನೂನೂ ಬರುತ್ತದೆ. ‘ಅವಿಭಾಜ್ಯ’ ಗಣಿತದ ಪುಸ್ತಕಕ್ಕೆ ಬರುವ ಎಷ್ಟೋ ಮೊದಲೇ ಆಸ್ತಿಯ ಲೆಕ್ಕದಲ್ಲಿ ಕೆಲಸ ಮಾಡುತ್ತಿತ್ತು. ತಂದೆಯ ಆಸ್ತಿಯಲ್ಲಿ ಯಾವುದನ್ನು ಪಾಲು ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದು ಧರ್ಮಶಾಸ್ತ್ರಗಳ ದೊಡ್ಡ ಚರ್ಚೆ. ಉಟ್ಟ ಬಟ್ಟೆ, ಏರುವ ವಾಹನ, ತೊಟ್ಟ ಒಡವೆ, ಬೇಯಿಸಿದ ಅನ್ನ, ನೀರು ಇವೆಲ್ಲ ಪಾಲಿಗೆ ಬಾರದವು ಎಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಪಟ್ಟಿ ಮಾಡುತ್ತದೆ. ಈ ಚರ್ಚೆಯನ್ನು ಅತ್ಯಂತ ಕೂಲಂಕಷವಾಗಿ ಬೆಳೆಸಿದ ಗ್ರಂಥ ಹುಟ್ಟಿದ್ದು ಕರ್ನಾಟಕದ ನೆಲದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವಾದ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಬಾವಿಯ ನೀರಿಗೆ ಬೆಲೆ ಕಟ್ಟಿ ಹಂಚಬಾರದು, ದಾಯಾದಿಗಳು ಸರದಿಯಂತೆ ಸೇದಿಕೊಳ್ಳಬೇಕು ಎಂಬಂಥ ವಿವರಗಳವರೆಗೆ ಆ ಗ್ರಂಥ ಇಳಿಯುತ್ತದೆ. ಬಂಗಾಳದ ಕಡೆ ಜೀಮೂತವಾಹನನ ‘ದಾಯಭಾಗ’ ನಡೆದರೆ ಭಾರತದ ಉಳಿದ ಬಹುಭಾಗದಲ್ಲಿ ಮಿತಾಕ್ಷರಾ ನಡೆಯಿತು. ಆದಾಯ ತೆರಿಗೆಯ ಕಾನೂನಿನಲ್ಲಿ ಇಂದಿಗೂ ಇರುವ ‘ಹಿಂದೂ ಅವಿಭಕ್ತ ಕುಟುಂಬ’ ಆ ಪರಂಪರೆಯ ಮುಂದುವರಿಕೆ.

ಇಲ್ಲಿ ಎರಡು ಪದಗಳ ಕೆಲಸ ಬೇರೆಬೇರೆ ಎಂಬುದನ್ನು ಗಮನಿಸಬೇಕು. ಅವಿಭಕ್ತ ಕುಟುಂಬವೆಂದರೆ ಇನ್ನೂ ಪಾಲಾಗದ ಕುಟುಂಬ. ನಾಳೆ ಅಣ್ಣತಮ್ಮಂದಿರು ಕೂತು ಪಾಲುಪಾರೀಕತ್ತು ಬರೆಸಿಕೊಂಡರೆ, ಸರ್ವೆ ಇಲಾಖೆಯವರು ಬಂದು ಜಮೀನಿಗೆ ಪೋಡಿ ಮಾಡಿ ಹಿಸ್ಸಾ ನಂಬರು ಕೊಟ್ಟರೆ, ಅದು ವಿಭಕ್ತ. ‘ಅವಿಭಜಿತ ದಕ್ಷಿಣ ಕನ್ನಡ’ವೂ ಹಾಗೆಯೇ, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ್ದರಿಂದಲೇ ಹಿಂದಿನದನ್ನು ಗುರುತಿಸಲು ಆ ವಿಶೇಷಣ ಬೇಕಾಯಿತು. ಇವೆರಡೂ ಆಗಿದ್ದನ್ನು, ಆಗದೆ ಉಳಿದದ್ದನ್ನು ಹೇಳುತ್ತವೆ. ‘ಅವಿಭಾಜ್ಯ’ ಹಾಗಲ್ಲ. ಅದು ಪಾಲು ಮಾಡಲು ಬರುವುದೇ ಇಲ್ಲ, ಯಾರು ಕೂತರೂ, ಎಂದು ಕೂತರೂ ಬರುವುದಿಲ್ಲ ಎನ್ನುತ್ತದೆ.

ಆಸ್ತಿಯ ಲೆಕ್ಕದಿಂದ ಅಂಕಗಣಿತಕ್ಕೆ ದಾಟುವ ಸೇತುವೆಯೂ ಮನುಸ್ಮೃತಿಯ ಅದೇ ಅಧ್ಯಾಯದಲ್ಲಿದೆ. ಆಡು, ಕುರಿ, ಒಂದೇ ಗೊರಸಿನ ಪ್ರಾಣಿಗಳನ್ನು ಹಂಚುವಾಗ ಸಮನಾಗಿ ಹೋಗದೆ ಉಳಿದದ್ದನ್ನು ಕತ್ತರಿಸಿ ಹಂಚಬಾರದು, ಅದು ಹಿರಿಯನಿಗೆ ಸೇರತಕ್ಕದ್ದು ಎಂದು ಅಲ್ಲಿ ಹೇಳಿದೆ. ಏಳು ಆಡು, ಮೂವರು ಮಕ್ಕಳು: ತಲೆಗೆರಡು ಬಂದು ಒಂದು ಉಳಿಯುತ್ತದೆ. ಆ ಒಂದೇ ಗಣಿತದ ‘ಶೇಷ’. ಏಳನ್ನು ಮೂರರಿಂದ ಭಾಗಿಸಿ ಎರಡೂ ಮೂರನೇ ಒಂದು ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಆದರೆ ಪೂರ್ಣಾಂಕಗಳ ಲೋಕದಲ್ಲಿ ಸಂಖ್ಯೆಗಳು ಜೀವಂತ ಆಡುಗಳಿದ್ದ ಹಾಗೆ, ಅರ್ಧ ಆಡು ಎಂಬುದು ಅಲ್ಲಿಲ್ಲ. ಆದ್ದರಿಂದ ಅಲ್ಲಿ ‘ಭಾಗವಾಗುತ್ತದೆ’ ಎಂದರೆ ನಿಃಶೇಷವಾಗಿ ಭಾಗವಾಗುತ್ತದೆ ಎಂದೇ ಅರ್ಥ. ಏಳು ಆಡುಗಳನ್ನು ಎರಡರಿಂದ ಆರರವರೆಗೆ ಎಷ್ಟು ಮಕ್ಕಳಿಗೆ ಹಂಚಲು ಹೋದರೂ ಶೇಷ ಉಳಿದೇ ಉಳಿಯುತ್ತದೆ. ಅದಕ್ಕೇ ಏಳು ಅವಿಭಾಜ್ಯ.

ಭಾರತೀಯ ಗಣಿತದಲ್ಲಿ ಭಾಜ್ಯ, ಭಾಜಕ, ಭಾಗಹಾರ, ಲಬ್ಧ, ಶೇಷ ಇವೆಲ್ಲ ಹಳೆಯ ಪರಿಭಾಷೆ. ರಾಷ್ಟ್ರಕೂಟ ಅಮೋಘವರ್ಷನನ್ನು ಹೊಗಳಿ ‘ಗಣಿತಸಾರಸಂಗ್ರಹ’ವನ್ನು ಆರಂಭಿಸುವ ಮಹಾವೀರಾಚಾರ್ಯ, ಒಂಬತ್ತನೆಯ ಶತಮಾನದಲ್ಲಿ, ಎಂಟು ಪರಿಕರ್ಮಗಳಲ್ಲಿ ಎರಡನೆಯದಾಗಿ ಭಾಗಹಾರವನ್ನು ಹೇಳುತ್ತಾನೆ. ಭಾಜ್ಯ ಭಾಜಕಗಳಲ್ಲಿ ಸಮಾನವಾಗಿರುವ ಅಪವರ್ತನಗಳನ್ನು ತೆಗೆದುಹಾಕಿ ಭಾಗಿಸಬೇಕೆಂದು ಸೂಚಿಸುತ್ತಾನೆ. ಭಿನ್ನರಾಶಿಗಳ ಲೆಕ್ಕಕ್ಕೆ ಅವನು ಬಳಸುವ ‘ನಿರುದ್ಧ’ವೇ ನಾವು ಶಾಲೆಯಲ್ಲಿ ಲ.ಸಾ.ಅ. ಎಂದು ಕಲಿತದ್ದು. ಕ್ರಿ.ಶ. 499ರ ಆರ್ಯಭಟೀಯದಿಂದ ಮೊದಲಾಗುವ, ಸಮೀಕರಣಗಳಿಗೆ ಪೂರ್ಣಾಂಕ ಉತ್ತರ ಹುಡುಕುವ ಕುಟ್ಟಕ ಗಣಿತದಲ್ಲಿ ಇನ್ನೊಂದು ಸುಂದರವಾದ ಪದ ಬೆಳೆಯಿತು: ‘ದೃಢ’. ಎರಡು ಸಂಖ್ಯೆಗಳನ್ನು ಅವುಗಳ ಸಾಮಾನ್ಯ ಅಪವರ್ತನದಿಂದ ಭಾಗಿಸಿ, ಇನ್ನು ಅವುಗಳಲ್ಲಿ ಒಟ್ಟಿಗೆ ತೆಗೆಯಲು ಏನೂ ಉಳಿದಿಲ್ಲವೆಂದಾದಾಗ ಅವು ದೃಢ. ಇಂದಿನ ಪಠ್ಯದಲ್ಲಿ ಅವೇ ‘ಸಹ ಅವಿಭಾಜ್ಯ’. ನಾರಾಯಣ ಪಂಡಿತ 1356ರ ‘ಗಣಿತಕೌಮುದಿ’ಯಲ್ಲಿ ಸಂಖ್ಯೆಯ ಭಾಜಕಗಳನ್ನು ಹುಡುಕುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟ. ಕೊಟ್ಟ ಸಂಖ್ಯೆಗೆ ಒಂದು ವರ್ಗವನ್ನು ಕೂಡಿಸಿದರೆ ಮತ್ತೊಂದು ವರ್ಗ ಬರುವಂತೆ ನೋಡು ಎಂಬುದು ಅವನ ಒಂದು ಉಪಾಯ. ಉದಾಹರಣೆಗೆ 2491 ತೆಗೆದುಕೊಳ್ಳಿ. ಅದಕ್ಕೆ 9 ಕೂಡಿಸಿದರೆ 2500, ಅಂದರೆ 50ರ ವರ್ಗ. 9 ಎಂದರೆ 3ರ ವರ್ಗ. ಹಾಗಾದರೆ 2491ರ ಭಾಜಕಗಳು 50 − 3 ಮತ್ತು 50 + 3, ಅಂದರೆ 47 ಮತ್ತು 53. ಇದೇ ದಾರಿಯನ್ನು ಸುಮಾರು ಮುನ್ನೂರು ವರ್ಷಗಳ ಅನಂತರ ಫ್ರಾನ್ಸಿನ ಫೆರ್ಮಾ ಕಂಡುಕೊಂಡ. ದೊಡ್ಡ ಸಂಖ್ಯೆಗಳನ್ನು ಒಡೆಯುವ ಇಂದಿನ ಪ್ರಬಲ ವಿಧಾನಗಳ ಬುಡದಲ್ಲಿ ಎರಡು ವರ್ಗಗಳ ಈ ಅಂತರದ ವಿಚಾರವೇ ಇದೆ.

ಗ್ರೀಕರು ಬೇರೆ ಕಡೆಯಿಂದ ಬಂದರು. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್‌ಗೆ ಸಂಖ್ಯೆ ಎಂದರೆ ಒಂದು ಉದ್ದ, ಭಾಗಿಸುವುದು ಎಂದರೆ ಅಳೆಯುವುದು. ಏಕಮಾನವೊಂದರಿಂದಲೇ ಅಳತೆಗೆ ಸಿಗುವ ಸಂಖ್ಯೆಗೆ ಅವನು ‘ಪ್ರೋಟೋಸ್’ ಎಂದ. ಎಂದರೆ ಮೊದಲನೆಯದು, ಬೇರೊಂದರಿಂದ ಹುಟ್ಟದ್ದು. ಲ್ಯಾಟಿನ್ನಿನ ಮೂಲಕ ಅದೇ ಇಂಗ್ಲಿಷಿನ ‘ಪ್ರೈಮ್’ ಆಯಿತು. ಭಾರತದ ಭಾಷೆಗಳು ಈ ಎರಡು ದಾರಿಗಳಲ್ಲಿ ಕವಲೊಡೆದಿವೆ. ತೆಲುಗಿನಲ್ಲಿ ‘ಪ್ರಧಾನ ಸಂಖ್ಯ’, ಮರಾಠಿಯಲ್ಲಿ ‘ಮೂಳ ಸಂಖ್ಯಾ’, ಬಂಗಾಳಿಯಲ್ಲಿ ‘ಮೌಲಿಕ’ ಎನ್ನುವಾಗ ಮೊದಲು, ಮೂಲ ಎಂಬ ವಿಚಾರ ಮುಂದಿದೆ. ಕನ್ನಡ, ಗುಜರಾತಿಗಳ ‘ಅವಿಭಾಜ್ಯ’, ಹಿಂದಿ, ಮಲಯಾಳಂಗಳ ‘ಅಭಾಜ್ಯ’, ತಮಿಳಿನ ‘ಪಗಾ ಎಣ್’ ಇವುಗಳಲ್ಲಿ ಪಾಲಿಗೆ ಬಾರದ ಗುಣ ಮುಂದಿದೆ. ಆದರೆ ಜೋಡಿಯ ಎರಡನೆಯ ಪದವನ್ನು ಕನ್ನಡ ಮೊದಲ ಗುಂಪಿನ ಕಡೆಯಿಂದ ತಂದಿತು. ಅವಿಭಾಜ್ಯವಲ್ಲದ ಸಂಖ್ಯೆಯನ್ನು ಪಠ್ಯಪುಸ್ತಕ ‘ಸಂಯುಕ್ತ ಸಂಖ್ಯೆ’ ಎನ್ನುತ್ತದೆ. ಇದಕ್ಕೆ ಒಳ್ಳೆಯ ಕಾರಣವೂ ಕಾಣುತ್ತದೆ. ಭಾಗಾಕಾರದ ಲೆಕ್ಕದಲ್ಲಿ ಯಾವ ಸಂಖ್ಯೆಯನ್ನು ಭಾಗಿಸಲು ಇಟ್ಟರೂ ಅದು ‘ಭಾಜ್ಯ’ವೇ. ಅವಿಭಾಜ್ಯವಾದ ಏಳು ಕೂಡ ಆ ಲೆಕ್ಕದಲ್ಲಿ ಭಾಜ್ಯವಾಗಿ ಕೂರುತ್ತದೆ. ಗೊಂದಲ ಬೇಡವೆಂದರೆ ಬೇರೆ ಪದ ಬೇಕು.

ತಮಿಳಿನ ‘ಪಗಾ’ ನಮಗೆ ಒಂದು ಸೂಕ್ಷ್ಮವನ್ನು ತೋರಿಸಿಕೊಡುತ್ತದೆ. ಅದು ‘ಪಗು’ ಎಂಬ ಕ್ರಿಯೆಯ ನಿಷೇಧರೂಪ; ನಮ್ಮ ‘ಬಾಡದ’, ‘ಒಡೆಯದ’, ‘ಸಾಯದ’ ಇದ್ದ ಹಾಗೆ. ದ್ರಾವಿಡ ಭಾಷೆಗಳ ಈ ನಿಷೇಧರೂಪಕ್ಕೆ ಕಾಲವಿಲ್ಲ. ‘ಒಡೆಯದ ಮಡಕೆ’ ಎಂದರೆ ಈವರೆಗೆ ಒಡೆದಿಲ್ಲದ ಮಡಕೆಯೂ ಆಗಬಹುದು, ಬಡಿದರೂ ಒಡೆಯಲಾರದ ಮಡಕೆಯೂ ಆಗಬಹುದು. ಮಾತಿನ ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಸಂಸ್ಕೃತದಲ್ಲಿ ಇವೆರಡಕ್ಕೆ ಎರಡು ಅಚ್ಚುಗಳಿವೆ. ‘ತ’ ಎಂದು ಮುಗಿಯುವುದು ಆಗಿಹೋದದ್ದರ ಮಾತು, ‘ಯ’ ಎಂದು ಮುಗಿಯುವುದು ಆಗಬಲ್ಲದ್ದರ ಮಾತು. ಅಜಿತನೆಂದರೆ ಈವರೆಗೆ ಸೋಲದವನು, ಅಜೇಯನೆಂದರೆ ಸೋಲಿಸಲು ಸಾಧ್ಯವೇ ಇಲ್ಲದವನು. ಕ್ರೀಡಾಪುಟದಲ್ಲಿ ಔಟಾಗದೆ ಉಳಿದ ಬ್ಯಾಟರನನ್ನು ‘ಅಜೇಯ ಶತಕ’ ಬಾರಿಸಿದವನೆಂದು ಬರೆಯುತ್ತಾರೆ, ಓದುಗರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಗಣಿತದಲ್ಲಿ ಆ ಸಲಿಗೆ ನಡೆಯುವುದಿಲ್ಲ.

ಒಂದು ಮಿತಿಯನ್ನೂ ಹೇಳಬೇಕು. ಪದದ ಅರ್ಥವನ್ನೇ ಹಿಡಿದು ಹೋದರೆ 1 ಕೂಡ ಅವಿಭಾಜ್ಯವೇ ಆಗಬೇಕು. ಹಿಂದೆ ಹಾಗೆ ಎಣಿಸಿದವರೂ ಇದ್ದರು; 1914ರಲ್ಲಿ ಅಮೆರಿಕದ ಡಿ.ಎನ್. ಲೇಮರ್ ಪ್ರಕಟಿಸಿದ ಅವಿಭಾಜ್ಯಗಳ ದೊಡ್ಡ ಪಟ್ಟಿ 1ರಿಂದಲೇ ಶುರುವಾಗುತ್ತದೆ. ಆದರೆ 1ನ್ನು ಒಳಗೆ ಬಿಟ್ಟರೆ ಪ್ರತಿ ಸಂಖ್ಯೆಯೂ ಒಂದೇ ಒಂದು ರೀತಿಯಲ್ಲಿ ಅವಿಭಾಜ್ಯಗಳ ಗುಣಲಬ್ಧವಾಗುತ್ತದೆ ಎಂಬ ಮೂಲಭೂತ ಪ್ರಮೇಯ ಕೆಡುತ್ತದೆ. 12 ಎಂದರೆ 2 × 2 × 3. ಅದರ ಮುಂದೆ ಬೇಕಾದಷ್ಟು 1ಗಳನ್ನು ಗುಣಿಸುತ್ತ ಹೋಗಬಹುದು. ಹೀಗಾಗಿ ಗಣಿತ ಪದದ ಅರ್ಥವನ್ನು ತನಗೆ ಬೇಕಾದಷ್ಟು ಕಿರಿದುಗೊಳಿಸಿ 1ನ್ನು ಹೊರಗಿಟ್ಟಿತು.

ಇನ್ನು ದೊಡ್ಡ ಸಂಖ್ಯೆಗಳಿಗೆ ಬರೋಣ. ಪ್ಯಾರಿಸ್ಸಿನ ಪಾದ್ರಿ ಮೆರ್ಸೆನ್ 1644ರಲ್ಲಿ 2ರ ಘಾತದಿಂದ 1 ಕಳೆದಾಗ ಸಿಗುವ ಸಂಖ್ಯೆಗಳಲ್ಲಿ ಯಾವುವು ಅವಿಭಾಜ್ಯ ಎಂಬ ಪಟ್ಟಿ ಕೊಟ್ಟ. ಘಾತ 2, 3, 5, 7, 13, 17, 19, 31, 67, 127, 257 ಆದಾಗ ಅವಿಭಾಜ್ಯ ಎಂದ. ಘಾತ 11 ಆದಾಗ ಬರುವ 2047 ಮಾತ್ರ 23 × 89 ಎಂದು ಅವನ ಹಿಂದಿನವರಿಗೇ ಗೊತ್ತಿತ್ತು. ಪಟ್ಟಿಯ 2⁶⁷ − 1, ಎಂದರೆ 147573952589676412927, ಇನ್ನೂರು ವರ್ಷಗಳ ಮೇಲೂ ಒಡೆಯದೆ ಉಳಿಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಅವಿಭಕ್ತವಾಗಿತ್ತು. ಅವಿಭಾಜ್ಯವೇ ಎಂಬುದು ಬೇರೆ ಪ್ರಶ್ನೆ. ಫ್ರಾನ್ಸಿನ ಎದುವಾರ್ ಲ್ಯೂಕಾ 1876ರಲ್ಲಿ ಅದು ಅವಿಭಾಜ್ಯವಲ್ಲವೆಂದು ತೋರಿಸಿದ. ಸೋಜಿಗವೆಂದರೆ ಅದರ ಒಂದು ಭಾಜಕವನ್ನೂ ಅವನು ಹೇಳಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ.

ಇದು ಹೇಗೆ ಸಾಧ್ಯ? ಅವನ ವಿಧಾನವನ್ನು ಡಿ.ಎಚ್. ಲೇಮರ್ 1930ರಲ್ಲಿ ಚೊಕ್ಕಗೊಳಿಸಿದರು. ಅದನ್ನು ಕಾಗದ ಪೆನ್ಸಿಲು ಹಿಡಿದು ಯಾರಾದರೂ ಮಾಡಿ ನೋಡಬಹುದು. 2⁷ − 1, ಎಂದರೆ 127ನ್ನು ತೆಗೆದುಕೊಳ್ಳಿ. 4ರಿಂದ ಹೊರಡಿ. ಪ್ರತಿ ಸಲವೂ ಕೈಯಲ್ಲಿರುವ ಸಂಖ್ಯೆಯ ವರ್ಗ ಮಾಡಿ 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 4ರಿಂದ 14 ಬರುತ್ತದೆ. 14ರಿಂದ 194, ಶೇಷ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319, ಅದು 127ರ ಸರಿಯಾಗಿ 97 ಪಟ್ಟು, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ, ಎಂದರೆ ಐದು ಹೆಜ್ಜೆಗಳಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ. 2047ಕ್ಕೆ ಇದನ್ನೇ ಒಂಬತ್ತು ಹೆಜ್ಜೆ ಮಾಡಿದರೆ 14, 194, 788, 701, 119, 1877, 240, 282 ಆಗಿ ಕೊನೆಗೆ 1736 ಉಳಿಯುತ್ತದೆ. ಸೊನ್ನೆಯಲ್ಲ, ಆದ್ದರಿಂದ 2047 ಸಂಯುಕ್ತ. 23 ಮತ್ತು 89ರ ಸುಳಿವನ್ನು ಈ ಲೆಕ್ಕ ಎಲ್ಲಿಯೂ ಕೊಡುವುದಿಲ್ಲ. ಯಾವ ಭಾಜಕವನ್ನೂ ಪರೀಕ್ಷಿಸದೆ, ಭಾಗವಾಗಬಲ್ಲದೇ ಇಲ್ಲವೇ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ಯಕಾರಕ್ಕೆ ಗಣಿತ ಕೊಟ್ಟ ಸಾಕ್ಷ್ಯ ಇದು.

2⁶⁷ − 1 ವಿಭಕ್ತವಾದದ್ದು 1903ರ ಅಕ್ಟೋಬರಿನಲ್ಲಿ. ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಬಂದು, ಒಂದು ಮಾತೂ ಆಡದೆ, ಹಲಗೆಯ ಮೇಲೆ 2ರ 67ನೆಯ ಘಾತವನ್ನು ಲೆಕ್ಕ ಹಾಕಿ 1 ಕಳೆದರು. ಪಕ್ಕದಲ್ಲಿ 193707721 × 761838257287 ಗುಣಿಸಿದರು. ಎರಡೂ ಒಂದೇ ಬಂದವು. ಹೋಗಿ ಕೂತರು, ಸಭೆ ಚಪ್ಪಾಳೆ ತಟ್ಟಿತು ಎಂದು ಗಣಿತಜ್ಞ ಇ.ಟಿ. ಬೆಲ್ ಬರೆದಿದ್ದಾರೆ. ಎಷ್ಟು ಸಮಯ ಹಿಡಿಯಿತೆಂದು ಕೇಳಿದಾಗ ಮೂರು ವರ್ಷಗಳ ಭಾನುವಾರಗಳು ಎಂದರಂತೆ. ವಿಭಾಜ್ಯವೆಂದು ತಿಳಿಯುವುದಕ್ಕೂ ವಿಭಕ್ತವಾಗುವುದಕ್ಕೂ ನಡುವೆ 27 ವರ್ಷಗಳ ಅಂತರವಿತ್ತು.

ಅದೇ 1876ರಲ್ಲಿ ಲ್ಯೂಕಾ 2¹²⁷ − 1 ಅವಿಭಾಜ್ಯವೆಂದು ಸಾಧಿಸಿದ್ದ. 39 ಅಂಕಿಗಳ ಆ ಸಂಖ್ಯೆ 170141183460469231731687303715884105727. ಯಂತ್ರದ ನೆರವಿಲ್ಲದೆ ಕೈಲೆಕ್ಕದಿಂದ ಸಾಧಿಸಿದ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ದೊಡ್ಡದು. ಕಂಪ್ಯೂಟರ್ ಬಂದ ಮೇಲೆ ಓಟ ಬಿರುಸಾಯಿತು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ‘ಗಿಂಪ್ಸ್’ ಯೋಜನೆಯಲ್ಲಿ ಲೋಕದ ನಾನಾ ಕಡೆಯ ಆಸಕ್ತರು ತಮ್ಮ ಯಂತ್ರಗಳ ಬಿಡುವಿನ ಸಮಯವನ್ನು ಮೆರ್ಸೆನ್ ಸಂಖ್ಯೆಗಳಿಗಾಗಿ ಕೊಡುತ್ತಾರೆ. ಅದರ ಫಲವಾಗಿ 2024ರ ಅಕ್ಟೋಬರ್ 21ರಂದು ಘೋಷಿತವಾದ ಸಂಖ್ಯೆ 2¹³⁶²⁷⁹⁸⁴¹ − 1. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಮೂರು ಸಾವಿರ ಅಂಕಿಯಂತೆ ಅಚ್ಚು ಹಾಕಿದರೂ ಹದಿಮೂರು ಸಾವಿರಕ್ಕೂ ಹೆಚ್ಚು ಪುಟಗಳು ಬೇಕು. ಆದರೆ ಅದರ ಕೊನೆಯ ಅಂಕಿಯನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತದೆ. 13,62,79,841ನ್ನು 4ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಘಾತದ ಕೊನೆಯ ಅಂಕಿ 2, ಒಂದು ಕಳೆದರೆ 1.

ಈ ಸಂಖ್ಯೆಯ ಪತ್ತೆಯಲ್ಲೂ ನಮ್ಮ ಯಕಾರದ ಪ್ರಶ್ನೆ ಎದ್ದಿತ್ತು. ಅಕ್ಟೋಬರ್ 11ರಂದು ಡಬ್ಲಿನ್ನಿನ ಒಂದು ಸರ್ವರಿನಲ್ಲಿ ಲ್ಯೂಕ್ ಡುರಾಂಟ್ ನಡೆಸಿದ ಪರೀಕ್ಷೆ, ಫೆರ್ಮಾನ ಪ್ರಮೇಯವನ್ನು ಆಧರಿಸಿದ್ದು, ಇದು ‘ಸಂಭಾವ್ಯ ಅವಿಭಾಜ್ಯ’ ಎಂದಿತು. ತಪ್ಪಾಗುವ ಸಾಧ್ಯತೆ ತೀರಾ ಕಡಿಮೆ, ಆದರೂ ಸಾಧನೆಯಲ್ಲ. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೋದ ಇನ್ನೊಂದು ಯಂತ್ರದಲ್ಲಿ ಲ್ಯೂಕಾ–ಲೇಮರ್ ಪರೀಕ್ಷೆ ಸೊನ್ನೆಗೆ ಬಂದು ನಿಂತಿತು. 127ಕ್ಕೆ ಐದು ಹೆಜ್ಜೆ ಹಾಕಿದಂತೆಯೇ ಅಲ್ಲಿ ಹದಿಮೂರು ಕೋಟಿಗೂ ಮಿಕ್ಕ ಹೆಜ್ಜೆಗಳು. ಆ ಸೊನ್ನೆ ಬಂದ ಮೇಲೆಯೇ ‘ಸಂಭಾವ್ಯ’ ಕಳಚಿ ‘ಅವಿಭಾಜ್ಯ’ ಉಳಿಯಿತು.

ಉಲ್ಟಾ ಸ್ಥಿತಿಯೂ ಇದೆ. 385 ಅಂಕಿಗಳ 2¹²⁷⁷ − 1 ಸಂಯುಕ್ತವೆಂದು ಸಿದ್ಧವಾಗಿದೆ, ಆದರೆ ಅದರ ಒಂದು ಭಾಜಕವೂ ಸಿಕ್ಕಿಲ್ಲ. ಅದು ವಿಭಾಜ್ಯ, ಆದರೂ ಅವಿಭಕ್ತ. ಇಂಥ ಸಂಖ್ಯೆಗಳ ಮೇಲೆಯೇ ನಮ್ಮ ದಿನನಿತ್ಯದ ಭದ್ರತೆ ನಿಂತಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಪದ್ಧತಿಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಎಲ್ಲರಿಗೂ ತೋರಿಸಿ, ಆ ಎರಡನ್ನು ಮಾತ್ರ ಗುಟ್ಟಾಗಿಡುತ್ತಾರೆ. ಅದು ಭಾಗವಾಗುತ್ತದೆಂದು ಲೋಕಕ್ಕೆಲ್ಲ ಗೊತ್ತು, ಆದರೆ ಸಂಖ್ಯೆ ಸಾಕಷ್ಟು ದೊಡ್ಡದಾದರೆ ಭಾಗಿಸಬಲ್ಲವರಿಲ್ಲ. ಒಡೆಯಿರಿ ನೋಡೋಣ ಎಂದು ಪಂಥಕ್ಕೆ ಇಟ್ಟಿದ್ದ ಇಂಥ 250 ಅಂಕಿಗಳ ಒಂದು ಸಂಖ್ಯೆ 2020ರಲ್ಲಿ ಒಡೆಯಿತು. ಈಗ ಬಳಕೆಯಲ್ಲಿರುವ 2048 ಬಿಟ್‌ಗಳ ಸಂಖ್ಯೆಗಳಲ್ಲಿ 600ಕ್ಕೂ ಹೆಚ್ಚು ಅಂಕಿಗಳಿರುತ್ತವೆ. ಸಾಧಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಅಂತರಕ್ಕೆ ನಮ್ಮ ದೇಶದಿಂದಲೇ ಒಂದು ದೊಡ್ಡ ಕೊಡುಗೆ ಬಂತು. 2002ರ ಆಗಸ್ಟಿನಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ, ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನು ಊಹೆಯ ಆಸರೆಯಿಲ್ಲದೆ, ಖಚಿತವಾಗಿ, ಅಂಕಿಗಳ ಎಣಿಕೆಯ ಒಂದು ನಿಶ್ಚಿತ ಘಾತವನ್ನು ಮೀರದಂತೆ ಬೆಳೆಯುವ ಬಹುಪದೀಯ ಸಮಯದಲ್ಲಿ ತೀರ್ಮಾನಿಸುವ ದಾರಿ ತೋರಿದರು. ಅವರ ವಿಧಾನದ ತಿರುಳೂ ಭಾಜಕಗಳ ಹುಡುಕಾಟವಲ್ಲ. ‘ಅವಿಭಾಜ್ಯತೆ’ ಎಂಬ ಭಾವನಾಮ ಕನ್ನಡಕ್ಕೆ ನಿಜವಾಗಿ ಬೇಕಾಗುವುದು ಇಂಥ ಕೆಲಸವನ್ನು ಹೇಳಲು.

ಕ್ವಾಂಟಮ್ ಕಂಪ್ಯೂಟರ್ ಬಲಿತರೆ ದೊಡ್ಡ ಸಂಖ್ಯೆಗಳನ್ನು ಬೇಗ ಒಡೆಯಬಹುದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಅಂಥ ಯಂತ್ರ ಬಂದ ದಿನ ಇಂದಿನ ಎಷ್ಟೋ ಅವಿಭಕ್ತ ಸಂಖ್ಯೆಗಳು ವಿಭಕ್ತವಾಗುತ್ತವೆ, ಬೀಗಗಳನ್ನು ಬದಲಿಸಬೇಕಾಗುತ್ತದೆ. ಬದಲಿಸುವ ಕೆಲಸ ಆಗಲೇ ಶುರುವಾಗಿದೆ. ಲ್ಯೂಕಾ ಕೈಲೆಕ್ಕದಲ್ಲಿ ಸಾಧಿಸಿದ 39 ಅಂಕಿಗಳ ಸಂಖ್ಯೆಯನ್ನು ಮಾತ್ರ ಯಾವ ಯಂತ್ರವೂ ಭಾಗಿಸುವುದಿಲ್ಲ. ‘ತ’ಕಾರದ ಮಾತಿಗೆ ಕಾಲದ ಹಂಗಿದೆ, ಯಕಾರದ ಮಾತಿಗೆ ಇಲ್ಲ. ದೊಡ್ಡ ಅವಿಭಾಜ್ಯ ಸಿಕ್ಕಿತೆಂಬ ಸುದ್ದಿ ಮುಂದಿನ ಸಲ ಬಂದಾಗ ಅದರ ಅಂಕಿಗಳು ಎಷ್ಟೆಂದು ನೋಡುವುದರ ಜೊತೆಗೆ ಅದು ಅವಿಭಾಜ್ಯವೆಂದು ಸಾಧಿಸಿದ್ದು ಹೇಗೆಂದೂ ಕೇಳೋಣ. ಮಕ್ಕಳಿಗೆ ಆ ಪದ ಕಲಿಸುವಾಗ 127ರ ಐದು ಹೆಜ್ಜೆಗಳನ್ನೂ ಹಾಕಿಸೋಣ.